ಪಾಲಿಹೌಸ್ ಒಳಗಿನ ಬಿಸಿಲು ಅಳೆಯೋಕೆ ಯಾವ ಸೆನ್ಸರ್? ಬಿಎಚ್1750 ಮಧ್ಯಾಹ್ನ 54,612ಕ್ಕೆ ನಿಂತುಬಿಡ್ತಿದೆ

ಕೋಣಂದೂರು ಕೃಷಿಕ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕು, ಹತ್ತು ಗುಂಟೆ ಪಾಲಿಹೌಸ್. 200 ಮೈಕ್ರಾನ್ ಶೀಟು, ಒಳಗೆ ಕೈಯಲ್ಲಿ ಎಳೆಯೋ ಶೇಡ್‌ನೆಟ್. ಕ್ಯಾಪ್ಸಿಕಂ ಹಾಕಿದ್ದೇವೆ. ನೆಟ್ ಯಾವಾಗ ಎಳೀಬೇಕು, ಯಾವಾಗ ಬಿಡಬೇಕು ಅನ್ನೋದು ಇಷ್ಟು ದಿನ ಕಣ್ಣಂದಾಜಿನಲ್ಲೇ ನಡೀತಿತ್ತು. ಬೇಸಿಗೆಯಲ್ಲಿ ಕಾಯಿಯ ಒಂದು ಮಗ್ಗುಲು ಬಿಸಿಲಿಗೆ ಬೆಂದು ಬೆಳ್ಳಗಾಗುತ್ತೆ, ಮಳೆಗಾಲದಲ್ಲಿ ಗಿಡ ಸುಮ್ನೆ ಉದ್ದಕ್ಕೆ ಹೋಗಿ ಹೂವು ಉದುರುತ್ತೆ. ಹಾಗಾಗಿ ಬೆಳಕನ್ನ ಅಳೆದೇ ನೋಡೋಣ ಅಂತ ತಂಗಿ ಮಗನ ಹತ್ರ ಇಎಸ್‌ಪಿ32 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಬಿಎಚ್1750 ಅನ್ನೋ ಒಂದು ಬೆಳಕಿನ ಸೆನ್ಸರ್ ಕಟ್ಟಿಸಿಕೊಂಡೆ.

ಬೆಳಿಗ್ಗೆ ಚೆನ್ನಾಗಿ ಏರುತ್ತೆ. ಹನ್ನೊಂದು ಗಂಟೆ ಹೊತ್ತಿಗೆ 54,612 ಲಕ್ಸ್‌ಗೆ ಬಂದು ನಿಂತರೆ ಎರಡೂವರೆವರೆಗೂ ಅದೇ ಸಂಖ್ಯೆ. ಲಕ್ಸ್ ಅಂದ್ರೆ ಬೆಳಕಿನ ಅಳತೆಯಂತೆ. ನೆಟ್ ಎಳೆದ್ರೆ ಮಾತ್ರ ಇಳಿಯುತ್ತೆ. ಸೆನ್ಸರ್ ಹಾಳಾಗಿದೆಯಾ? ಶಿವಮೊಗ್ಗದಲ್ಲಿ ಒಬ್ರು "ಎಲ್‌ಡಿಆರ್ ಸಾಕು, ಹತ್ತು ರೂಪಾಯಿ" ಅಂದ್ರು, ಅದು ಬೆಳಕಿಗೆ ರೋಧ ಬದಲಾಗೋ ಸಣ್ಣ ಬಿಡಿಭಾಗ. ಇನ್ನೊಬ್ರು ಗಿಡ ಬಳಸೋ ಬೆಳಕನ್ನೇ ಎಣಿಸೋ, ಹತ್ತಾರು ಸಾವಿರದ ಕ್ವಾಂಟಮ್ ಸೆನ್ಸರ್ ಇಲ್ಲದೆ ಗಿಡದ ಬೆಳಕು ಅಳೆಯೋಕೇ ಆಗಲ್ಲ ಅಂತಾರೆ. ಇವೆರಡರ ಮಧ್ಯೆ ಎಂತದಾದ್ರೂ ಇದೆಯಾ?

ಹೊಸನಗರ ಹುಡುಗ

ಸೆನ್ಸರ್ ಹಾಳಾಗಿಲ್ಲ ಅಣ್ಣ. ಅದರ ಮಿತಿಯೇ ಅಷ್ಟು. ಒಳಗಿರೋದು 16 ಬಿಟ್ ಎಣಿಕೆ, ಗರಿಷ್ಠ 65,535. ಅದನ್ನ 1.2ರಿಂದ ಭಾಗಿಸಿದ್ರೆ ಬರೋದೇ 54,612. ಕೊಡ ತುಂಬಿದ ಮೇಲೆ ನಲ್ಲಿ ಎಷ್ಟು ಹೊತ್ತು ಬಿಟ್ರೂ ಕೊಡದಲ್ಲಿ ಅಷ್ಟೇ ನೀರು.

ಸರ್ಕ್ಯೂಟ್ ಮೇಷ್ಟ್ರು

ಹುಡುಗ ಹೇಳಿದ್ದು ಸರಿ. ಮೋಡ ಇಲ್ಲದ ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ಒಂದು ಲಕ್ಷ ಲಕ್ಸ್ ದಾಟುತ್ತೆ. ಹೊಸ ಶೀಟಿನೊಳಗೂ ಎಪ್ಪತ್ತು ಸಾವಿರದ ಆಸುಪಾಸು ಇರುತ್ತೆ. ಮನೆಯೊಳಗಿನ ದೀಪ, ಮೊಬೈಲ್ ಪರದೆ ಇಂಥವಕ್ಕೆ ಮಾಡಿದ ಚಿಪ್‌ಗಳಲ್ಲಿ ಬಹಳಷ್ಟು ಇಲ್ಲೇ ಸೋಲೋದು. ಬೇರೆ ಬೆಳಕಿನ ಸೆನ್ಸರುಗಳನ್ನ ನೋಡಿ. ಟಿಎಸ್‌ಎಲ್2561 ಸುಮಾರು 40,000ಕ್ಕೇ ಮುಗಿಯುತ್ತೆ. ಟಿಎಸ್‌ಎಲ್2591 ಆದ್ರೆ 88,000ದವರೆಗೆ. ವಿಇಎಂಎಲ್7700 ಸುಮಾರು 1.2 ಲಕ್ಷದವರೆಗೆ ಹೋಗುತ್ತೆ. ಸೆನ್ಸರ್ ತಗೊಳ್ಳುವಾಗ ಎಲ್ಲರೂ ಕೇಳೋದು ಎಷ್ಟು ಕಡಿಮೆ ಬೆಳಕು ಹಿಡಿಯುತ್ತೆ ಅಂತ. ನಮಗೆ ಬೇಕಿರೋದು ಎಷ್ಟು ಹೆಚ್ಚು ಬೆಳಕು ತಡೆಯುತ್ತೆ ಅನ್ನೋದು. ಡೇಟಾಶೀಟಲ್ಲಿ (ಕಂಪನಿ ಕೊಡೋ ವಿವರ ಪತ್ರ) ಮೊದಲು ನೋಡಬೇಕಾದ ಸಾಲು ಅದು.

ಎಲ್‌ಡಿಆರ್ ವಿಷಯ: ಹಗಲೋ ರಾತ್ರಿಯೋ ಹೇಳುತ್ತೆ, ಬೀದಿ ದೀಪ ಹಚ್ಚೋಕೆ ಸಾಕು. ಕಡು ಬಿಸಿಲಲ್ಲಿ ಅದರ ರೋಧ ತೀರಾ ಕೆಳಗೆ ಇಳಿದಿರುತ್ತೆ, ಅರವತ್ತು ಸಾವಿರಕ್ಕೂ ಎಂಬತ್ತು ಸಾವಿರಕ್ಕೂ ವ್ಯತ್ಯಾಸ ಸಿಗಲ್ಲ. ಒಂದು ಎಲ್‌ಡಿಆರ್ ಇದ್ದಂಗೆ ಇನ್ನೊಂದು ಇರಲ್ಲ. ಅದನ್ನ ಬಿಡಿ.

ಬೆಂಗಳೂರಿಂದ ವಾಪಸು

ಹೊಸ ಸೆನ್ಸರ್ ಯಾಕೆ, ಇರೋದ್ರಲ್ಲೇ ಆಗುತ್ತಲ್ಲ. ಬಿಎಚ್1750 ಒಳಗೆ ಎಂಟಿರೆಗ್ ಅಂತ ಒಂದು ರಿಜಿಸ್ಟರ್ (ಸೆಟ್ಟಿಂಗ್ ಬರೆದಿಡೋ ಜಾಗ) ಇದೆ, ಬೆಳಕಿಗೆ ಎಷ್ಟು ಹೊತ್ತು ಕಣ್ಣು ಬಿಡಬೇಕು ಅನ್ನೋದನ್ನ ಅದು ತೀರ್ಮಾನಿಸುತ್ತೆ. ಅದರಲ್ಲಿ ಮಾಮೂಲಿ ಇರೋ ಸಂಖ್ಯೆ 69. ಅದನ್ನ ಕನಿಷ್ಠ 31ಕ್ಕೆ ಇಳಿಸಿದ್ರೆ ಮಿತಿ 1.21 ಲಕ್ಷ ಲಕ್ಸ್‌ವರೆಗೆ ಏರುತ್ತೆ. ಸೆನ್ಸರಿನ ರೆಡಿ ಕೋಡ್ ಲೈಬ್ರರಿಯಲ್ಲಿ ಒಂದೇ ಸಾಲಿನ ಕೆಲಸ. ಒಂದು ಪೈಸೆ ಖರ್ಚಿಲ್ಲ.

ಕೋಣಂದೂರು ಕೃಷಿಕ

ಹೌದಾ! ಇದನ್ನ ಯಾರೂ ಹೇಳಿರಲಿಲ್ಲ ನೋಡಿ. ಅಳಿಯನಿಗೆ ಹೇಳ್ತೇನೆ.

ಆಂಥೂರಿಯಂ ಅಕ್ಕ, ಸಾಗರ

ನಾವು ಸೆನ್ಸರ್ ಮೇಲೆ ಬಿಳಿ ಟೆಫ್ಲಾನ್ ಹಾಳೆ ಹಾಕಿದ್ದೇವೆ. ಬೆಳಕು ಅರ್ಧಕ್ಕಿಂತ ಕೆಳಗೆ ಬರುತ್ತೆ, ಆಮೇಲೆ ಗುಣಿಸಿಕೊಳ್ಳೋದು. ಎಂಟಿರೆಗ್ ಗೊಡವೆಯೇ ಬೇಡ.

ಬೆಂಗಳೂರಿಂದ ವಾಪಸು

ಅಕ್ಕ, ಎಷ್ಟರಿಂದ ಗುಣಿಸಬೇಕು ಅನ್ನೋದು ಹೇಗೆ ಗೊತ್ತಾಗುತ್ತೆ? ಹಾಳೆ ಸ್ವಲ್ಪ ದಪ್ಪ ತೆಳು ಆದ್ರೂ ಲೆಕ್ಕ ಬದಲಾಗುತ್ತೆ. ಸಾಫ್ಟ್‌ವೇರಲ್ಲಿ ನಿಖರವಾಗಿ ಸಿಗೋದನ್ನ ಹಾಳೆಯಿಂದ ಯಾಕೆ ಕೆಡಿಸಿಕೊಳ್ಳೋದು?

ಆಂಥೂರಿಯಂ ಅಕ್ಕ, ಸಾಗರ

ಹಾಳೆ ಹಾಕೋದು ಬರೀ ಬೆಳಕು ಕಡಿಮೆ ಮಾಡೋಕಲ್ಲ. ಬರಿಯ ಚಿಪ್ಪು ನೆತ್ತಿ ಮೇಲಿನ ಬಿಸಿಲನ್ನ ಸರಿಯಾಗಿ ನೋಡುತ್ತೆ, ಓರೆಯಾಗಿ ಬರೋದನ್ನ ನೋಡಲ್ಲ. ಬೆಳಿಗ್ಗೆ ಎಂಟು ಗಂಟೆ ಬಿಸಿಲು, ಮೋಡದ ದಿನ ಎಲ್ಲಾ ಕಡೆಯಿಂದ ಬರೋ ಬೆಳಕು, ಇವೆಲ್ಲ ಗಿಡಕ್ಕೆ ಸಿಗುತ್ತೆ, ಚಿಪ್ಪಿಗೆ ಸಿಗಲ್ಲ. ಹಾಳೆ ಅದನ್ನೆಲ್ಲ ಒಟ್ಟುಮಾಡಿ ಕೊಡುತ್ತೆ. ನಮ್ಮ ಕಡೆ ವರ್ಷದಲ್ಲಿ ಅರ್ಧಕ್ಕರ್ಧ ಮೋಡದ ಬೆಳಕೇ ಅಲ್ವಾ, ಅದನ್ನ ಬಿಟ್ಟು ಅಳೆದು ಏನು ಪ್ರಯೋಜನ?

ಸರ್ಕ್ಯೂಟ್ ಮೇಷ್ಟ್ರು

ಅಕ್ಕ ಹೇಳಿದ್ದು ಪೂರ್ತಿ ಸರಿ. ಎರಡೂ ಮಾಡಿ: ಹಾಳೆ ಓರೆ ಬೆಳಕಿಗೆ, ಎಂಟಿರೆಗ್ ಮಿತಿಗೆ. ಹಾಳೆ ಎಷ್ಟು ಕಡಿತ ಮಾಡುತ್ತೆ ಅನ್ನೋದು ತಿಳಿಯೋಕೆ ನಿಚ್ಚಳ ಬಿಸಿಲಿನ ದಿನ ಹಾಳೆ ಇಲ್ಲದ ಸೆನ್ಸರ್, ಹಾಳೆ ಇರೋ ಸೆನ್ಸರ್ ಅಕ್ಕಪಕ್ಕ ಇಟ್ಟು ಓದಿ. ಇದನ್ನ ಸೂರ್ಯ ನೆತ್ತಿಗೆ ಬಂದಾಗಲೇ ಮಾಡಬೇಕು, ಆಗ ಓರೆ ಬೆಳಕಿನ ತಕರಾರು ಇರಲ್ಲ. ಶಿವಮೊಗ್ಗದ ಅಕ್ಷಾಂಶಕ್ಕೆ ಏಪ್ರಿಲ್ ಕೊನೆ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಸೂರ್ಯ ನೇರ ತಲೆ ಮೇಲೆ ಬರ್ತಾನೆ. ಆಗಸ್ಟಲ್ಲಿ ನಮಗೆ ಆಕಾಶವೇ ಕಾಣಲ್ಲ, ಆದ್ದರಿಂದ ಏಪ್ರಿಲನ್ನ ಬಿಡಬೇಡಿ. ಹೊತ್ತು ಕೂಡ ಗಡಿಯಾರದ ಹನ್ನೆರಡಲ್ಲ. ಐಎಸ್‌ಟಿ ಲೆಕ್ಕ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಇಲ್ಲಿ ನೆತ್ತಿಗೆ ಬರೋದು ಹನ್ನೆರಡು ಇಪ್ಪತ್ತೈದರ ಹೊತ್ತಿಗೆ.

ತೋಟದ ಮನೆ, ಕೊಪ್ಪ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಒಂದು ಥರ್ಮಾಮೀಟರ್ ನೇತು ಹಾಕಿ. 32 ಡಿಗ್ರಿ ದಾಟಿದ್ರೆ ನೆಟ್ ಎಳೀರಿ, ಇಳಿದ್ರೆ ಬಿಡಿ. ಕ್ಯಾಪ್ಸಿಕಂ ಹೂವು ಉದುರೋದು ಸೆಕೆಗೆ. ನಮ್ಮಪ್ಪ ಏಲಕ್ಕಿಗೆ ನೆರಳು ಬಿಡಿಸುವಾಗ ಯಾವ ಲಕ್ಸೂ ನೋಡ್ತಿರಲಿಲ್ಲ.

ಇರುವಕ್ಕಿ ವಿದ್ಯಾರ್ಥಿ

ಸರ್, ತೋಟಗಾರಿಕೆ ಓದ್ತಾ ಇದ್ದೇನೆ, ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಹೂವು ಸೆಕೆಗೂ ಉದುರುತ್ತೆ, ಬೆಳಕು ಸಾಲದೆಯೂ ಉದುರುತ್ತೆ. ಎರಡಕ್ಕೂ ಮದ್ದು ಬೇರೆ ಬೇರೆ. ಕೃಷಿಕ ಸರ್ ಬರೆದದ್ದರಲ್ಲೇ ಇದೆ ನೋಡಿ, ಮಳೆಗಾಲದಲ್ಲಿ ಗಿಡ ಉದ್ದಕ್ಕೆ ಹೋಗಿ ಹೂವು ಉದುರುತ್ತೆ ಅಂತ. ಅದು ಸೆಕೆ ಅಲ್ಲ. ಜೂನಲ್ಲಿ ಮೋಡ ಇದ್ದೂ ಒಳಗೆ ಸೆಕೆ ಇರೋ ದಿನ ಥರ್ಮಾಮೀಟರ್ ನಂಬಿ ನೆಟ್ ಎಳೆದ್ರೆ ಇರೋ ಚೂರು ಬೆಳಕೂ ಹೋಯ್ತು. ಆ ದಿನ ಮಾಡಬೇಕಿರೋದು ಪಕ್ಕದ ಪರದೆ ಎತ್ತಿ ಗಾಳಿ ಬಿಡೋದು.

ಗಿಡಕ್ಕೆ ಮುಖ್ಯ ಆ ಕ್ಷಣದ ಲಕ್ಸ್ ಒಂದೇ ಅಲ್ಲ, ಇಡೀ ದಿನದಲ್ಲಿ ಒಟ್ಟು ಎಷ್ಟು ಬೆಳಕು ಬಿತ್ತು ಅನ್ನೋದು. ಅದನ್ನ ಚದರ ಮೀಟರಿಗೆ ದಿನಕ್ಕೆ ಇಷ್ಟು ಮೋಲ್ (ಬೆಳಕಿನ ಕಣಗಳ ಎಣಿಕೆ) ಅಂತ ಹೇಳ್ತಾರೆ. ಬಿಸಿಲಿಗಾದ್ರೆ ಲಕ್ಸನ್ನ 54ರಿಂದ ಭಾಗಿಸಿದ್ರೆ ಮೈಕ್ರೋಮೋಲ್ ಸಿಗುತ್ತೆ, ಸೆಕೆಂಡಿಗೆ, ಚದರ ಮೀಟರಿಗೆ. ಹನ್ನೆರಡು ಗಂಟೆ ಹಗಲಲ್ಲಿ ಸರಾಸರಿ 30,000 ಲಕ್ಸ್ ಇದ್ರೆ ದಿನಕ್ಕೆ ಸುಮಾರು 24 ಮೋಲ್. ಕ್ಯಾಪ್ಸಿಕಂ, ಟೊಮೆಟೊದಂಥ ಕಾಯಿ ಬೆಳೆಗೆ 20ರ ಮೇಲೆ ಇದ್ರೆ ಒಳ್ಳೇದು. ಮಳೆ ಹಿಡಿದ ವಾರದಲ್ಲಿ ಸರಾಸರಿ 8,000ಕ್ಕೆ ಬಿದ್ರೆ ಅದು ಆರೂವರೆ ಮೋಲ್ ಕೂಡ ಆಗಲ್ಲ.

ತೋಟದ ಮನೆ, ಕೊಪ್ಪ

ಆರೂವರೆ ಅಂತ ಗೊತ್ತಾಗಿ ಮಾಡೋದೆಂತ? ಸೂರ್ಯನ್ನ ಕರ್ಕೊಂಡು ಬರೋಕೆ ಆಗುತ್ತಾ?

ಇರುವಕ್ಕಿ ವಿದ್ಯಾರ್ಥಿ

ಆಗಲ್ಲ ಸರ್. ಆದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಟ್ ಪೂರ್ತಿ ಬಿಚ್ಚಿಡೋಕೆ, ಶೀಟು ತೊಳೆಯೋಕೆ, ನಾಟಿ ತಿಂಗಳು ಹಿಂದೆ ಮುಂದೆ ಮಾಡಿ ಕಾಯಿ ಕಟ್ಟೋ ಹೊತ್ತು ಅಕ್ಟೋಬರ್ ಆಚೆಗೆ ಬರೋ ಹಾಗೆ ನೋಡಿಕೊಳ್ಳೋಕೆ ಆಗುತ್ತೆ. ಬೆಳಕು ಕಡಿಮೆ ಇರೋ ವಾರ ನೀರು, ಗೊಬ್ಬರವನ್ನೂ ಕಡಿಮೆ ಮಾಡಬೇಕು. ಬಿಸಿಲಿನ ದಿನದಷ್ಟೇ ನೀರು ಬಿಟ್ರೆ ಬೇರು ಕೊಳೆಯುತ್ತೆ.

ತೋಟದ ಮನೆ, ಕೊಪ್ಪ

ನೀರಿನ ಮಾತು ಒಪ್ಪಿದೆ. ಮಳೆಗಾಲದಲ್ಲಿ ಡ್ರಿಪ್ ಟೈಮರ್ ಮುಟ್ಟದೇ ಬಿಟ್ಟವರ ಗಿಡ ಹೋಗಿದ್ದು ನಾನೇ ಕಂಡಿದ್ದೇನೆ.

ಶೃಂಗೇರಿ ನರ್ಸರಿ

ಶೀಟು ತೊಳೆಯೋದು ಅಂದ್ರಲ್ಲ, ಅದನ್ನ ಒತ್ತಿ ಹೇಳ್ತೇನೆ. ನಮ್ಮ ಕಡೆ ಒಂದು ಮಳೆಗಾಲ ಕಳೆದ್ರೆ ಶೀಟಿನ ಮೇಲೆ ಪಾಚಿ ಕಟ್ಟುತ್ತೆ, ಪಕ್ಕದ ಮರದ ಎಲೆ ಬಿದ್ದು ಕರೆ ಹಿಡಿಯುತ್ತೆ. ಕೆಳಗಿಂದ ನೋಡಿದ್ರೆ ಬಿಳಿಯಾಗೇ ಕಾಣುತ್ತೆ, ಕಣ್ಣು ಹೊಂದಿಕೊಂಡುಬಿಡುತ್ತೆ ನೋಡಿ. ನಾವು ಎರಡು ಬಿಎಚ್1750 ಇಟ್ಟಿದ್ದೇವೆ, ಒಂದು ಒಳಗೆ, ಒಂದು ಹೊರಗೆ ಬಯಲಲ್ಲಿ. ಒಳಗಿನ ದಿನದ ಒಟ್ಟು ಬೆಳಕನ್ನ ಹೊರಗಿನದರಿಂದ ಭಾಗಿಸಿದ್ರೆ ಶೀಟು ಎಷ್ಟು ಬೆಳಕು ಬಿಡ್ತಿದೆ ಅನ್ನೋದು ಸಿಗುತ್ತೆ. ಎರಡೂ ಒಂದೇ ಜಾತಿ ಸೆನ್ಸರ್, ಒಂದೇ ಹಾಳೆ ಆಗಿರೋದ್ರಿಂದ ಇಬ್ಬರೂ ಹತ್ತು ಶೇಕಡಾ ಸುಳ್ಳು ಹೇಳಿದ್ರೂ ಭಾಗಿಸುವಾಗ ಅದು ಹೋಗುತ್ತೆ. ಹೊಸ ಶೀಟು ಹಾಕಿದಾಗಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಚೆನ್ನಾಗೇ ಇಳೀತು ಅಂದ್ರೆ ತೊಳೆಯೋ ಹೊತ್ತು.

ನನ್ನ ಕೇಳಿದ್ರೆ ಒಂದು ದುಬಾರಿ ಸೆನ್ಸರಿಗಿಂತ ಎರಡು ಅಗ್ಗದ ಸೆನ್ಸರೇ ಮೇಲು.

ಬೆಂಗಳೂರಿಂದ ವಾಪಸು

ಇದು ಒಳ್ಳೆ ಉಪಾಯ. ನಮ್ಮಲ್ಲೂ ಮಾಡ್ತೇನೆ.

ಸರ್ಕ್ಯೂಟ್ ಮೇಷ್ಟ್ರು

ವಿದ್ಯಾರ್ಥಿ ಹೇಳಿದ 54ರ ಲೆಕ್ಕಕ್ಕೆ ಒಂದು ಎಚ್ಚರಿಕೆ. ಲಕ್ಸ್ ಅನ್ನೋದು ಮನುಷ್ಯರ ಕಣ್ಣಿನ ಅಳತೆ, 555 ನ್ಯಾನೋಮೀಟರಿನ ಹಸಿರು ಬೆಳಕಿಗೆ ಹೆಚ್ಚು ತೂಕ. ಗಿಡ ಬಳಸೋದು 400ರಿಂದ 700ರವರೆಗಿನ ಎಲ್ಲವನ್ನೂ. ಬಿಸಿಲಿನ ಬಣ್ಣಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರೋದ್ರಿಂದ ಬಿಸಿಲಿಗೆ 54 ನಡೆಯುತ್ತೆ. ಬಿಳಿ ಶೀಟು, ಕಪ್ಪು ನೆಟ್, ಬಿಳಿ ನೆಟ್ ಕೆಳಗೂ ನಡೆಯುತ್ತೆ. ಹಸಿರು ನೆಟ್ ಕೆಳಗೆ ನಡೆಯಲ್ಲ. ಹಸಿರು ನೆಟ್ ಹಸಿರನ್ನೇ ಹೆಚ್ಚು ಬಿಡುತ್ತೆ, ಸೆನ್ಸರ್ ಅದನ್ನೇ ಹೆಚ್ಚು ಎಣಿಸುತ್ತೆ, ಗಿಡಕ್ಕೆ ಸಿಕ್ಕಿದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ನೇರಳೆ ಎಲ್‌ಇಡಿ ದೀಪ ಹಾಕೋರಿಗೆ ಇದೇ ತೊಂದರೆ ಉಲ್ಟಾ: ಗಿಡಕ್ಕೆ ಬೇಕಾದಷ್ಟು ಬೆಳಕಿದ್ರೂ ಲಕ್ಸ್ ಕಡಿಮೆ ತೋರಿಸುತ್ತೆ.

ಕೋಣಂದೂರು ಕೃಷಿಕ

ನಮ್ಮದು ಹಸಿರು ನೆಟ್ಟೇ ಮೇಷ್ಟ್ರೆ, 50 ಶೇಕಡಾದ್ದು. ಹಾಗಾದ್ರೆ ಕ್ವಾಂಟಮ್ ಸೆನ್ಸರೇ ಬೇಕಾ?

ಸರ್ಕ್ಯೂಟ್ ಮೇಷ್ಟ್ರು

ಹತ್ತು ಗುಂಟೆಗೆ ಬೇಡ. ಲೈಕಾರ್, ಅಪೋಜಿ ಇವರ ಕ್ವಾಂಟಮ್ ಸೆನ್ಸರ್ ಸಂಶೋಧನೆ ಮಾಡೋರಿಗೆ, ದೊಡ್ಡ ಹೂವಿನ ಕಂಪನಿಗಳಿಗೆ. ಅದೇ ದುಡ್ಡಲ್ಲಿ ನೀವು ಹಸಿರು ನೆಟ್ ತೆಗೆದು ಬಿಳಿ ನೆಟ್ ಹಾಕಬಹುದು, ಅದರಿಂದ ಗಿಡಕ್ಕೂ ಲಾಭ. ಅಲ್ಲಿಯವರೆಗೆ ನೆಟ್ ಎಳೆದಾಗಿನ ಸಂಖ್ಯೆಯನ್ನ "ನಿನ್ನೆಗಿಂತ ಜಾಸ್ತಿ, ಕಡಿಮೆ" ಅಂತ ಹೋಲಿಸೋಕೆ ಮಾತ್ರ ಬಳಸಿ, ಮೋಲ್ ಲೆಕ್ಕಕ್ಕೆ ಬೇಡ.

ಮಧ್ಯದ ದಾರಿಯೂ ಇದೆ. ಎಎಸ್7341 ಅನ್ನೋ ಚಿಪ್ ಗೋಚರ ಬೆಳಕನ್ನ ಎಂಟು ಬಣ್ಣವಾಗಿ ಬಿಡಿಸಿ ಅಳೆಯುತ್ತೆ, 415ರಿಂದ 680 ನ್ಯಾನೋಮೀಟರ್‌ವರೆಗೆ. ಅವನ್ನ ಕೂಡಿಸಿ ಗಿಡದ ಬೆಳಕಿನ ಅಂದಾಜು ಪಡೀಬಹುದು. ಆದ್ರೆ ಯಾವುದಾದರೂ ಒಳ್ಳೆ ಮೀಟರಿನ ಪಕ್ಕ ಇಟ್ಟು ಹೊಂದಿಸದೇ ಇದ್ರೆ ಅದರ ಸಂಖ್ಯೆಗೆ ಅರ್ಥ ಇಲ್ಲ.

ಹೊಸನಗರ ಹುಡುಗ

ಸಣ್ಣ ಸೋಲಾರ್ ಪ್ಯಾನೆಲ್ಲಿನ ಶಾರ್ಟ್ ಸರ್ಕ್ಯೂಟ್ ಕರೆಂಟ್ (ಎರಡು ತಂತಿ ನೇರ ಜೋಡಿಸಿದಾಗ ಹರಿಯೋದು) ಅಳೆದ್ರೆ ಆಗಲ್ವಾ ಸರ್? ಅದು ಬಿಸಿಲಿಗೆ ಸರಿಯಾಗಿ ಏರುತ್ತೆ, ತುಂಬಿ ನಿಲ್ಲೋ ಪ್ರಶ್ನೆಯೇ ಇಲ್ಲ.

ಸರ್ಕ್ಯೂಟ್ ಮೇಷ್ಟ್ರು

ಹೊರಗಡೆಗೆ ಆಗುತ್ತೆ. ವೋಲ್ಟೇಜ್ ಅಳೀಬೇಡ, ಕರೆಂಟನ್ನೇ ಅಳಿ, ಕಡಿಮೆ ಓಮಿನ ರೋಧಕ ಹಾಕಿ. ಆದ್ರೆ ಸಿಲಿಕಾನ್ 1100 ನ್ಯಾನೋಮೀಟರ್‌ವರೆಗೆ ನೋಡುತ್ತೆ, ಅಂದ್ರೆ ಗಿಡ ಬಳಸದ ಇನ್ಫ್ರಾರೆಡ್ಡನ್ನೂ ಎಣಿಸುತ್ತೆ. ಎಲೆ ಆ ಇನ್ಫ್ರಾರೆಡ್ಡನ್ನ ಹೀರದೆ ದಾಟಿಸಿಬಿಡುತ್ತೆ. ಹಾಗಾಗಿ ಎಲೆಗಳ ನೆರಳಲ್ಲಿಟ್ಟರೆ ಪ್ಯಾನೆಲ್ಲು "ಇನ್ನೂ ಬೇಕಾದಷ್ಟು ಬೆಳಕಿದೆ" ಅನ್ನುತ್ತೆ, ಗಿಡಕ್ಕೆ ಇರಲ್ಲ.

ಅಡಿಕೆ ಚಪ್ಪರ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಡಿಕೆ ಒಣಗಿಸೋ ಸೋಲಾರ್ ಡ್ರೈಯರಿಗೆ ಇದೇ ಬಿಎಚ್1750 ಹಾಕಬಹುದಾ?

ಶೃಂಗೇರಿ ನರ್ಸರಿ

ಅಲ್ಲಿ ಬೆಳಕಲ್ಲ ಮುಖ್ಯ. ಒಳಗಿನ ಉಷ್ಣತೆ, ತೇವ ಎರಡು ನೋಡಿ. ಬಿಸಿಲಿದ್ದೂ ಗಾಳಿ ಆಡದೇ ಇದ್ರೆ ಅಡಿಕೆ ಬೂಷ್ಟು ಹಿಡಿಯುತ್ತೆ.

ಘಟ್ಟದ ತಪ್ಪಲು

ಎಲ್ಲಾ ಸರಿ, ಮಂಗ ಶೀಟು ಹರಿಯೋದಕ್ಕೆ ಯಾವ ಸೆನ್ಸರ್ ಹಾಕ್ತೀರಿ? ನಮ್ಮಲ್ಲಿ ಮಂಗಗಳು ಪಾಲಿಹೌಸ್ ಮೇಲೆ ಹಾರಿ ಹಾರಿ ಎರಡು ಕಡೆ ಶೀಟೇ ಕಿತ್ತಿದೆ. ಸೌತೆ ಒಂದೂ ಉಳಿದಿಲ್ಲ.

ತೋಟದ ಮನೆ, ಕೊಪ್ಪ

ಅಯ್ಯೋ, ಆ ಕಷ್ಟ ಹೇಳಿ ಮುಗಿಯೋದಲ್ಲ. ಏಲಕ್ಕಿ, ಬಾಳೆ, ಈಗ ಎಳೆ ಅಡಿಕೆನೂ ಬಿಡಲ್ಲ.

ನಿರ್ವಾಹಕ

ಮಂಗನ ಕಾಟಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ದಯವಿಟ್ಟು ಅಲ್ಲಿ ಬರೆಯಿರಿ. ಇಲ್ಲಿ ಬೆಳಕಿನ ವಿಷಯ ಮುಂದುವರಿಯಲಿ.

ಆಂಥೂರಿಯಂ ಅಕ್ಕ, ಸಾಗರ

ಯಾರೂ ತೇವದ ಮಾತೇ ಎತ್ತಿಲ್ಲ! ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳೋ ಸೀಮೆ ನಮ್ಮದು. ಇಲ್ಲಿ ಸೆನ್ಸರ್ ಸಾಯೋದು ಬಿಸಿಲಿಗಲ್ಲ, ತೇವಕ್ಕೆ. ಜುಲೈಯಲ್ಲಿ ಬೋರ್ಡಿನ ಕಾಲುಗಳಿಗೆ ಹಸಿರು ಕಿಲುಬು ಹಿಡಿಯುತ್ತೆ, ಹಾಳೆಯ ಒಳಗಡೆ ನೀರಿನ ಹನಿ ಕಟ್ಟುತ್ತೆ, ಇರುವೆ ಗೂಡು ಮಾಡುತ್ತೆ. ಜೇಡರ ಬಲೆ ಕಟ್ಟಿದ್ರೂ ಬೆಳಕು ಕಡಿಮೆ ತೋರಿಸುತ್ತೆ.

ನಾವು ಮಾಡಿದ್ದು ಹೇಳ್ತೇನೆ. ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯೋ ಲೇಪ) ಹೊಡೆದ್ವಿ, ಹೊಡೆಯುವಾಗ ಸೆನ್ಸರಿನ ಕಿಟಕಿಗೆ ಟೇಪು ಅಂಟಿಸಿ ಮುಚ್ಚಿ. ಪಿವಿಸಿ ಪೈಪಿನ ಎಂಡ್ ಕ್ಯಾಪ್ ಒಳಗೆ ಕೂರಿಸಿ ಮೇಲೆ ಟೆಫ್ಲಾನ್ ಹಾಳೆ, ಅಂಚಿಗೆ ನ್ಯೂಟ್ರಲ್ ಸಿಲಿಕೋನ್. ಹುಳಿ ವಾಸನೆ ಬರೋ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನ ತಿನ್ನುತ್ತೆ. ಬಿಸಿ ಅಂಟು ಹಾಕಿದ್ರೆ ಬೇಸಿಗೆಯ ಒಳಗಿನ ಸೆಕೆಗೆ ಮೆತ್ತಗಾಗಿ ಬಿಟ್ಟುಹೋಗುತ್ತೆ. ಕೆಳಗಡೆ ಒಂದು ಸಣ್ಣ ತೂತು, ಒಳಗೆ ಸಿಲಿಕಾ ಜೆಲ್. ವೈರು ಕೆಳಗಿಳಿದು ಒಂದು ಸುತ್ತು ಬಾಗಿ ಮೇಲೆ ಬರಲಿ, ನೀರು ವೈರು ಹಿಡಿದು ಒಳಗೆ ಇಳಿಯಲ್ಲ. ಟೆಫ್ಲಾನ್ ಬಿಸಿಲಿಗೆ ಹಳದಿ ಆಗಲ್ಲ, ಮಾಮೂಲಿ ಬಿಳಿ ಪ್ಲಾಸ್ಟಿಕ್ ಆಗುತ್ತೆ. ಎಡೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ.

ಆಂಥೂರಿಯಂಗೆ ನಾವು 15,000ದಿಂದ 25,000 ಲಕ್ಸ್ ಒಳಗೆ ಇಟ್ಟುಕೊಳ್ತೇವೆ. ಅದರ ಮೇಲೆ ಹೋದ್ರೆ ಎಲೆ ಬಿಳಿಚುತ್ತೆ. ಈ ಬೆಳೆಗೆ ಎಂಟಿರೆಗ್ ಕೂಡ ಬೇಕಾಗಲ್ಲ.

ಹೊಸನಗರ ಹುಡುಗ

ಅಕ್ಕ, ಇದನ್ನ ಮೇಲೆ ಪಿನ್ ಮಾಡಬೇಕು.

ಬೆಂಗಳೂರಿಂದ ವಾಪಸು

ಎಲ್ಲಿ ಕಟ್ಟಬೇಕು ಅನ್ನೋದನ್ನೂ ಹೇಳೋಣ. ಗಿಡದ ತುದಿಯ ಎತ್ತರಕ್ಕೆ, ಮಟ್ಟಗೋಲಿಟ್ಟು ಸಮ ಮಾಡಿ. ಕ್ಯಾಪ್ಸಿಕಂ ಬೆಳೆದಂಗೆ ಮೇಲೆ ಏರಿಸ್ತಾ ಹೋಗಬೇಕು, ಹಗ್ಗದಲ್ಲಿ ನೇತು ಹಾಕಿದ್ರೆ ಸುಲಭ. ಕಬ್ಬಿಣದ ಪೈಪಿನ ನೆರಳು ಹಾದುಹೋಗೋ ಜಾಗ ಬೇಡ. ಹಾದರೂ ನಿಮಿಷಕ್ಕೊಮ್ಮೆ ಓದಿ ಹದಿನೈದು ನಿಮಿಷದ ಸರಾಸರಿ ತೆಗೆದ್ರೆ ಗ್ರಾಫ್ ಅಷ್ಟು ಕುಣಿಯಲ್ಲ. ನೆಟ್ ಎಳೆಯೋ ನಿರ್ಧಾರವನ್ನ ಸರಾಸರಿ ನೋಡಿ ಮಾಡಿ. ಒಂದು ಮೋಡ ಸರಿದ ಕೂಡಲೇ ಓಡಬೇಡಿ.

ಕೋಣಂದೂರು ಕೃಷಿಕ

ಇನ್ನೊಂದು. ಬೋರ್ಡು ಪಂಪ್‌ಹೌಸಲ್ಲಿದೆ, ಅಲ್ಲಿ ಕರೆಂಟ್ ಇದೆ. ಅಲ್ಲಿಂದ ಸೆನ್ಸರಿಗೆ ಮೂವತ್ತು ಮೀಟರ್ ವೈರು ಎಳೀಬಹುದಾ?

ಸರ್ಕ್ಯೂಟ್ ಮೇಷ್ಟ್ರು

ಬೇಡ. ಬಿಎಚ್1750 ಮಾತಾಡೋದು ಐ2ಸಿ ಭಾಷೆಯಲ್ಲಿ, ಅದು ಒಂದೇ ಬೋರ್ಡಿನ ಮೇಲಿನ ಚಿಪ್‌ಗಳಿಗೆ ಅಂತ ಮಾಡಿದ್ದು. ವೈರು ಉದ್ದ ಆದಂತೆ ಅದರ ಕೆಪಾಸಿಟೆನ್ಸ್ ಏರಿ ಸಂಕೇತ ಮಸುಕಾಗುತ್ತೆ, ಪಕ್ಕದಲ್ಲಿ ಮೋಟಾರ್ ಸ್ಟಾರ್ಟ್ ಆದ್ರೆ ಸೆನ್ಸರ್ ಸ್ತಬ್ಧ. ಬೋರ್ಡನ್ನೇ ಸೆನ್ಸರ್ ಪಕ್ಕ ಇಡಿ, ಇಲ್ಲವೇ ಉದ್ದ ವೈರಿಗೆ ಹೊಂದೋ ಆರ್‌ಎಸ್485 ಔಟ್‌ಪುಟ್ ಇರೋ ರೆಡಿಮೇಡ್ ಬೆಳಕಿನ ಸೆನ್ಸರ್ ತಗೊಳ್ಳಿ. ಅದು ನೂರಾರು ಮೀಟರ್ ಹೋಗುತ್ತೆ, ಪೆಟ್ಟಿಗೆಯೂ ನೀರು ತಡೆಯೋದೇ ಬರುತ್ತೆ.

ಘಟ್ಟದ ತಪ್ಪಲು

ಉದ್ದ ವೈರು ಯಾವುದೂ ಬೇಡ ಅಂತ ನನ್ನ ಅಭಿಪ್ರಾಯ. ಏಪ್ರಿಲ್-ಮೇ ತಿಂಗಳ ಸಿಡಿಲು ನೆನಪಿರಲಿ. ನಮ್ಮ ಪಕ್ಕದ ತೋಟದಲ್ಲಿ ದೂರದಲ್ಲೆಲ್ಲೋ ಬಡಿದ ಸಿಡಿಲು ತಂತಿ ಹಿಡಿದು ಬಂದು ಡ್ರಿಪ್ ಕಂಟ್ರೋಲರನ್ನೇ ಸುಟ್ಟಿದೆ.

ಹೊಸನಗರ ಹುಡುಗ

ಅದಕ್ಕೇ ಲೋರಾ, ವೈರಿಲ್ಲದೆ ದೂರಕ್ಕೆ ಸಣ್ಣ ಸಂದೇಶ ಕಳಿಸೋ ರೇಡಿಯೋ. ಒಂದು 18650 ಬ್ಯಾಟರಿ, ಅಂಗೈಯಗಲದ ಸೋಲಾರ್ ಪ್ಯಾನೆಲ್, ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸಂಖ್ಯೆ ಕಳಿಸಿ ಮಲಗೋ ಹಾಗೆ. ಸಂಖ್ಯೆ ಚಿಕ್ಕದಾದ್ದರಿಂದ ಅಡಿಕೆ ತೋಟ ದಾಟಿ ಮನೆವರೆಗೆ ಬರುತ್ತೆ. ನಮ್ಮ ದೇಶದಲ್ಲಿ ಲೋರಾಗೆ ಬಳಸೋ, ಲೈಸೆನ್ಸ್ ಬೇಡದ ತರಂಗ ಪಟ್ಟಿ 865ರಿಂದ 868 ಮೆಗಾಹರ್ಟ್ಸ್, ಕೊಳ್ಳುವಾಗ 433ರದ್ದು ಅಥವಾ 915ರದ್ದು ತಗೋಬೇಡಿ.

ಇರುವಕ್ಕಿ ವಿದ್ಯಾರ್ಥಿ

ಹದಿನೈದು ನಿಮಿಷಕ್ಕೊಮ್ಮೆ ಎದ್ದರೆ ಮೋಡದ ದಿನದ ಒಟ್ಟು ಲೆಕ್ಕ ತಪ್ಪುತ್ತೆ. ಎದ್ದ ಹೊತ್ತಿಗೇ ಬಿಸಿಲು ಇಣುಕಿದ್ರೆ ಹದಿನೈದು ನಿಮಿಷವೂ ಬಿಸಿಲು ಅಂತಲೇ ಆಗುತ್ತೆ.

ಹೊಸನಗರ ಹುಡುಗ

ಹಾಗಾದ್ರೆ ನಿಮಿಷಕ್ಕೊಮ್ಮೆ ಎದ್ದು ಓದಿ ಕೂಡಿಸಿಟ್ಟುಕೊಳ್ಳಲಿ, ಕಳಿಸೋದು ಮಾತ್ರ ಹದಿನೈದು ನಿಮಿಷಕ್ಕೆ. ಓದೋಕೆ ಕಾಲು ಸೆಕೆಂಡೂ ಬೇಡ. ಬ್ಯಾಟರಿ ತಿನ್ನೋದು ಕಳಿಸುವಾಗ.

ಶೃಂಗೇರಿ ನರ್ಸರಿ

ಜುಲೈಯಲ್ಲಿ ಆ ಅಂಗೈಯಗಲದ ಪ್ಯಾನೆಲ್ ಚಾರ್ಜ್ ಆಗಲ್ಲ, ನೋಡಿಕೊಳ್ಳಿ. ನಾವು ಮಳೆಗಾಲಕ್ಕೆ ಅಂತಲೇ ದೊಡ್ಡ ಪ್ಯಾನೆಲ್ ಹಾಕಿದ್ದು.

ಕೋಣಂದೂರು ಕೃಷಿಕ

ಎಲ್ಲರಿಗೂ ತುಂಬ ಉಪಕಾರ ಆಯ್ತು. ಇರೋ ಬಿಎಚ್1750 ಇಟ್ಟುಕೊಂಡು ಇನ್ನೊಂದು ತರಿಸ್ತಿದ್ದೇನೆ, ಒಳಗೊಂದು ಹೊರಗೊಂದು. ಎರಡಕ್ಕೂ ಬೇರೆ ಬೇರೆ ಬೋರ್ಡು, ಬ್ಯಾಟರಿ. ಟೆಫ್ಲಾನ್ ಹಾಳೆ ಶಿವಮೊಗ್ಗದಲ್ಲಿ ಸಿಗುತ್ತಾ ಅಕ್ಕ, ಎಷ್ಟು ದಪ್ಪದ್ದು? ಹುಡುಗ, ಎಂಟಿರೆಗ್ ಇರೋ ಕೋಡ್ ಇಲ್ಲಿ ಹಾಕ್ತೀಯಾ?

ಆಂಥೂರಿಯಂ ಅಕ್ಕ, ಸಾಗರ

ನಾವು ಆನ್‌ಲೈನಲ್ಲಿ ತರಿಸಿದ್ದು, ಅರ್ಧ ಮಿಲಿಮೀಟರಿನದ್ದು. ದೊಡ್ಡ ಹಾಳೆ, ನನ್ನ ಹತ್ರ ಉಳಿದಿದೆ. ಎರಡು ತುಂಡು ಒಂದೇ ಹಾಳೆಯಿಂದ ಕತ್ತರಿಸಿದ್ರೇ ಲೆಕ್ಕ ಹೊಂದೋದು, ಆದ್ದರಿಂದ ನಾನೇ ಕೊಡ್ತೇನೆ. ಸಾಗರದ ಕಡೆ ಬಂದ್ರೆ ಮೆಸೇಜ್ ಹಾಕಿ.

ಹೊಸನಗರ ಹುಡುಗ

ಹಾಕ್ತೇನೆ ಅಣ್ಣ. ಸೆನ್ಸರಿನ ಎಸ್‌ಡಿಎ, ಎಸ್‌ಸಿಎಲ್ (ಸಂಕೇತದ ಎರಡು ತಂತಿ) ಯಾವ ಪಿನ್ನಿಗೆ ಕಟ್ಟಿದ್ದಾನೆ ನಿಮ್ಮ ಅಳಿಯ?

ಕೋಣಂದೂರು ಕೃಷಿಕ

21 ಮತ್ತು 22 ಅಂತೆ.

ಹೊಸನಗರ ಹುಡುಗ

ಸರಿ, ಅದೇ ಮಾಮೂಲಿ ಪಿನ್ನು. ಕೋಡಲ್ಲಿ ಎಂತದೂ ಬದಲಾಯಿಸೋದು ಬೇಡ. ರಾತ್ರಿ ಹಾಕ್ತೇನೆ, ಈಗ ಗುಡುಗ್ತಾ ಇದೆ, ಪ್ಲಗ್ ಎಲ್ಲ ಕೀಳಬೇಕು.